ಮೊದಲು ಮಳೆಯಲ್ಲಿ ನಡೆದು ನೋಡು: ಮಗಳಿಗೊಂದು ಪತ್ರ

ಪುಟ್ಟೀ,

ನೀನು ಹೊಸದಾಗಿ ಮನೆ, ತೋಟ ಮಾಡಬೇಕೆಂದಿರುವ ಜಾಗದ ನಕ್ಷೆ ಸಿಕ್ಕಿತು. ನಾಲ್ಕು ಸಲ ನೋಡಿದೆ. ಮನೆ, ಮೀನಿನ ಹೊಂಡ, ಕೋಳಿಗೂಡು, ಹಸಿರುಮನೆ, ಇಪ್ಪತ್ತು ಮಡಿ ತರಕಾರಿ, ಮೂಲೆಯಲ್ಲಿ ಸೋಲಾರ್. ಬಣ್ಣದ ಪೆನ್ಸಿಲಿನಲ್ಲಿ ಎಷ್ಟು ಚೆಂದ ಬರೆದಿದ್ದೀಯ! ನಿನ್ನಪ್ಪ ಅದನ್ನು ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಆದರೆ ಅದರಲ್ಲಿ ಒಂದು ಇಲ್ಲ ಕಣೇ. ನಿನ್ನ ಜಾಗದಲ್ಲಿ ಯಾವ ಕಡೆ ಎತ್ತರ, ಯಾವ ಕಡೆ ತಗ್ಗು ಅನ್ನೋದು ಎಲ್ಲೂ ಕಾಣಿಸುತ್ತಿಲ್ಲ.

ಎಲ್ಲಿಂದ ಶುರು ಮಾಡಲಿ ಅಮ್ಮಾ ಅಂತ ಕೇಳಿದೆಯಲ್ಲ, ಉತ್ತರ ಫೋನಿನಲ್ಲೇ ಹೇಳಬಹುದಿತ್ತು. ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ನೋಡು, ಅಷ್ಟೇ. ಆದರೆ ಬರೀ ಅಷ್ಟು ಹೇಳಿದರೆ ನೀನು ಕೇಳುವವಳಲ್ಲ. ನನಗೂ ಹಿಂದೆ ಒಬ್ಬರು ಅದನ್ನೇ ಹೇಳಿದ್ದರು. ನಾನು ಕೇಳಿರಲಿಲ್ಲ.

ಆ ಕೆಂಪು ಬಕೆಟ್ ನೆನಪಿದೆಯಾ? ನಿನಗಾಗ ಏಳು ವರ್ಷ. ಸಂಜೆಯಾದರೆ ಮೂವರೂ ಸಾಲಾಗಿ ತೊಟ್ಟಿಯಿಂದ ಮಡಿಗಳಿಗೆ ನೀರು ಹೊರುತ್ತಿದ್ದೆವು. ನೀನು ಅದನ್ನು ಆಟ ಅಂದುಕೊಂಡಿದ್ದೆ. ಅರ್ಧ ಚೆಲ್ಲಿ, ಅರ್ಧ ತಂದು, ಮತ್ತೆ ಓಡುತ್ತಿದ್ದೆ. ಅದು ನನ್ನ ತಪ್ಪಿನ ಫಲ ಅಂತ ನಿನಗೆ ಇವತ್ತಿಗೂ ಹೇಳಿಲ್ಲ. ತೊಟ್ಟಿಯನ್ನು ಮನೆ ಬಾಗಿಲ ಹತ್ತಿರ, ಇಡೀ ಜಾಗದ ತಗ್ಗಿನಲ್ಲಿ ಕಟ್ಟಿದವಳು ನಾನು. ಪೈಪು ಕಡಿಮೆ ಸಾಕಾಗುತ್ತದೆ ಅನ್ನೋ ಲೆಕ್ಕ. ತರಕಾರಿ ಮಡಿಗಳು ಮೇಲೆ, ಬಿಸಿಲು ಚೆನ್ನಾಗಿ ಬೀಳುವ ಕಡೆ. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ. ದಿನಕ್ಕೆ 200 ಲೀಟರ್ ಬೇಕಾದರೆ 200 ಕೆಜಿ ಏರಿಗೆ ಹೊರಬೇಕು. ಎರಡು ಬೇಸಿಗೆ ಹೊತ್ತೆವು. ಮೂರನೇ ವರ್ಷ ಮಡಿಗಳಿಗಿಂತ ಮೇಲೆ ಇನ್ನೊಂದು ತೊಟ್ಟಿ ಕಟ್ಟಿದೆ. ಮೊದಲ ದಿನ ನಲ್ಲಿ ತಿರುಗಿಸಿದಾಗ ನೀರು ತಾನಾಗಿ ಇಳಿದು ಟೊಮೆಟೊ ಬುಡಕ್ಕೆ ಹೋಯಿತು. ನಿನ್ನಪ್ಪ ಒಂದು ಮಾತೂ ಆಡಲಿಲ್ಲ. ತಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕೆಳಗಿನ ತೊಟ್ಟಿಯಿಂದ ಮೇಲಿನದಕ್ಕೆ ಈಗ ಒಂದು ಸಣ್ಣ ಸೋಲಾರ್ ಪಂಪು ನೀರು ಏರಿಸುತ್ತದೆ. ಬಿಸಿಲಿದ್ದಾಗ ಓಡುತ್ತದೆ, ಮೋಡ ಬಂದರೆ ಸುಮ್ನೆ ನಿಲ್ಲುತ್ತದೆ. ಅದಕ್ಕೆ ಬ್ಯಾಟರಿಯೇ ಇಲ್ಲ. ಲೆಕ್ಕ ಹಾಕಿದರೆ ನಿನಗೆ ನಗು ಬರುತ್ತದೆ. 1,000 ಲೀಟರ್ ನೀರನ್ನು 10 ಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 27 ವ್ಯಾಟ್-ಅವರ್. ಒಂಬತ್ತು ವ್ಯಾಟಿನ ಬಲ್ಬು ಮೂರು ಗಂಟೆ ಉರಿಯುವಷ್ಟು. ಪಂಪಿನಲ್ಲಿ ಪೋಲಾಗುವುದನ್ನು ಸೇರಿಸಿ ಮೂರು ಪಟ್ಟು ಅಂದುಕೋ, ಆದರೂ ಏನೂ ಅಲ್ಲ. ಅದೇ ಕೆಲಸವನ್ನು ಮೈಯಿಂದ ಮಾಡಿಸಿದ್ದು ಎಷ್ಟು ಅಂತ ನನ್ನ ಸೊಂಟವನ್ನು ಕೇಳು.

ಮಳೆನೀರಿನ ಲೆಕ್ಕವೂ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 60 ಚದರ ಮೀಟರ್ ಚಾವಣಿ, 20 ಮಿಲಿಮೀಟರ್ ಮಳೆ ಅಂದರೆ 1,200 ಲೀಟರ್. ಚಿಮ್ಮಿ, ಒದ್ದೆಯಾಗಿ, ಆರಿಹೋಗಿದ್ದು ಬಿಟ್ಟರೂ 1,000 ಲೀಟರ್ ಕೈಗೆ ಸಿಗುತ್ತದೆ. ಇಳಿಜಾರಿನ ಮೇಲೆ ಟೇಪು ಹಿಡಿದು ಚಾವಣಿ ಅಳೆಯಬೇಡ, ಅದು ನೆಲದ ಮೇಲೆ ಎಷ್ಟು ಜಾಗ ಮುಚ್ಚುತ್ತದೆ ಅದನ್ನು ಅಳೆ. ಮೊದಲ ಮಳೆಯ ನೀರು ತೊಟ್ಟಿಗೆ ಬೇಡ. ಧೂಳು, ಎಲೆ, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಇರುತ್ತದೆ. ಚಾವಣಿಯ ನೀರು ಹಿಡಿಯುವ ದೋಣಿಯಿಂದ ಇಳಿಯುವ ಪೈಪಿನಲ್ಲಿ ಒಂದು ಕವಲು ಬಿಟ್ಟು ಅದನ್ನು ಹೊರಗೆ ಹರಿಸು. ಹಾಗಂತ ತೊಟ್ಟಿಯ ನೀರನ್ನು ನೇರವಾಗಿ ಕುಡಿಯಬೇಡ, ಕುದಿಸಿ ಕುಡಿ. ಇನ್ನೊಂದು ಮಾತು. ದೊಡ್ಡ ತೊಟ್ಟಿ ಕಟ್ಟಿದರೆ ನೀರು ಜೋರಾಗಿ ಬರುತ್ತದೆ ಅಂತ ತುಂಬಾ ಜನ ನಂಬುತ್ತಾರೆ, ನಾನೂ ನಂಬಿದ್ದೆ. ಅಗಲಕ್ಕೂ ಒತ್ತಡಕ್ಕೂ ಸಂಬಂಧ ಇಲ್ಲ. ನೀರು ನಿಂತ ಎತ್ತರವೇ ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಬಾರ್.

ಅದಕ್ಕೇ ಹೇಳುವುದು, ಏನನ್ನೂ ಕಟ್ಟುವ ಮುಂಚೆ ಒಂದು ಜೋರು ಮಳೆಯಲ್ಲಿ ಹೊರಗೆ ಹೋಗು. ಬೂಟು ಹಾಕಿಕೊಂಡು, ಕಂಕುಳಲ್ಲಿ ಗೂಟಗಳನ್ನು ಇಟ್ಟುಕೊಂಡು. ನೀರು ಓಡುವ ದಾರಿಯುದ್ದಕ್ಕೂ ಗೂಟ ಹೊಡಿ. ನಿಲ್ಲುವ ಕಡೆ ಬೇರೆ ಬಣ್ಣದ ಗೂಟ. ಮಳೆ ನಿಂತು ಎರಡು ದಿನ ಆದ ಮೇಲೆ ಮತ್ತೆ ನೋಡು, ಇನ್ನೂ ಎಲ್ಲಿ ಒದ್ದೆ ಇದೆ ಅಂತ. ನಿನ್ನ ನಕ್ಷೆಯಲ್ಲಿ ಮನೆ ಇರುವುದು ಅಲ್ಲೇ ಆಗಿದ್ದರೆ ನನಗೇನೂ ಆಶ್ಚರ್ಯ ಇಲ್ಲ. ಸಮತಟ್ಟಾಗಿ, ನೆರಳಾಗಿ, ಚೆನ್ನಾಗಿ ಕಾಣುವ ಜಾಗ ಎಷ್ಟೋ ಸಲ ನೀರು ಬಂದು ಕೂರುವ ಜಾಗವೇ ಆಗಿರುತ್ತದೆ.

ಮನೆಗೆ ಮಣ್ಣಿನ ಗೋಡೆ ಅಂತ ಬರೆದಿದ್ದೀಯ. ಖುಷಿಯಾಯಿತು. ಒಂದು ಗಾಜಿನ ಬಾಟಲಿಯ ಮೂರರಲ್ಲಿ ಒಂದು ಭಾಗ ಮಣ್ಣು ತುಂಬು. ಉಳಿದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ ಇಡು. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಗೋಡು, ಅಂದರೆ ಮರಳಿಗಿಂತ ನುಣುಪಾದ ಮಣ್ಣು, ಕೆಲವು ಗಂಟೆ ತೆಗೆದುಕೊಳ್ಳುತ್ತದೆ. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಜೇಡಿ ತೀರಾ ಹೆಚ್ಚಿದ್ದರೆ ಗೋಡೆ ಬಿರಿಯುತ್ತದೆ, ಕಡಿಮೆಯಿದ್ದರೆ ಉದುರುತ್ತದೆ. ಹತ್ತರಲ್ಲಿ ಎರಡು ಪಾಲಿನ ಆಸುಪಾಸು ಇದ್ದರೆ ಧೈರ್ಯವಾಗಿ ಮುಂದೆ ಹೋಗು. ಆದರೆ ಗೋಡೆ ಕಟ್ಟುವ ಮುಂಚೆ ಅದೇ ಮಣ್ಣಿನಲ್ಲಿ ನಾಲ್ಕೈದು ಇಟ್ಟಿಗೆ ಮಾಡಿ ಒಣಗಿಸಿ ನೋಡು.

ಮಣ್ಣಿನ ಗೋಡೆಗೆ ಮೇಲೆ ಅಗಲ ಟೋಪಿ, ಕೆಳಗೆ ಎತ್ತರದ ಬೂಟು ಬೇಕು. ನಮ್ಮ ಹಳೇ ಶೆಡ್ಡಿನ ಗೋಡೆ ಯಾಕೆ ಬಿತ್ತು ಗೊತ್ತಾ? ಅದರ ಮೇಲೆ ನೇರವಾಗಿ ಮಳೆ ಬಿದ್ದಿದ್ದೇ ಕಡಿಮೆ. ಸೂರು ಗಿಡ್ಡವಾಗಿತ್ತು. ಸೂರಿನ ನೀರು ನೆಲಕ್ಕೆ ಬಿದ್ದು, ಚಿಮ್ಮಿ, ಗೋಡೆಯ ಬುಡವನ್ನು ಇಷ್ಟಿಷ್ಟೇ ತಿಂದಿತು. ಕಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಅಡಿಯಾದರೂ ಮೇಲೆತ್ತು. ಮರದ ಕಂಬವೂ ಹಾಗೇ. ಅದು ಕೊಳೆಯಲು ಶುರುವಾಗುವುದು ಗಾಳಿ, ಮಣ್ಣು ಎರಡೂ ಸೇರುವ ನೆಲಮಟ್ಟದಲ್ಲಿ. ಹೂಳಬೇಡ, ಕಲ್ಲಿನ ಮೇಲೆ ನಿಲ್ಲಿಸು. ಮನೆಯ ಮೂಲೆಗಳನ್ನು ಸರಿಯಾದ ಲಂಬಕೋನಕ್ಕೆ ಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ, ದಾರದಲ್ಲಿ 3, 4, 5 ಅಳತೆಯ ತ್ರಿಕೋನ ಸಾಕು.

ಇನ್ನು ಕರೆಂಟು. ಇದು ನಿನ್ನಪ್ಪನ ಕಥೆ. ಹೇಳಲು ಅವರ ಒಪ್ಪಿಗೆ ಇದೆ, ಮುಖ ಸ್ವಲ್ಪ ಸಪ್ಪಗಾಯಿತು ಅಷ್ಟೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಸೀಸದ ಬ್ಯಾಟರಿಯಲ್ಲಿ ಅರ್ಧ ಹಾಸಿಗೆ ಮಾತ್ರ ನಿನ್ನದು. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,200 ವ್ಯಾಟ್-ಅವರ್ ಇದೆ. ಅದರಲ್ಲಿ 600 ಬಳಸಿ ನಿಲ್ಲಿಸಬೇಕು. ಅಪ್ಪ ಪೂರ್ತಿ ಬಳಸಿದರು. ಆಮೇಲೆ ಮೋಡದ ದಿನಗಳು ಸಾಲಾಗಿ ಬಂದವು. ಖಾಲಿ ಬ್ಯಾಟರಿ ವಾರಗಟ್ಟಲೆ ಹಾಗೇ ಕೂತಿತು. ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿತು. ಅದು ಗಟ್ಟಿಯಾದರೆ ಚಾರ್ಜ್ ಮತ್ತೆ ಹಿಡಿಯುವುದಿಲ್ಲ. ಹೊಸ ಬ್ಯಾಟರಿಗಳು ಒಂದೇ ವರ್ಷದಲ್ಲಿ ಬರೀ ಭಾರವಾದ ಡಬ್ಬಗಳಾದವು. ಈಗ ಅವರು ದಿನಾ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಮೀಟರ್ ಹಿಡಿದು ಹೋಗುತ್ತಾರೆ. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ. 12.1ಕ್ಕೆ ಬಂದರೆ ಅವತ್ತು ಮನೆಯಲ್ಲಿ ಎಲ್ಲರಿಗೂ ಬೇಗ ನಿದ್ದೆ. ನೀನು ಲಿಥಿಯಂ ತೆಗೆದುಕೊಳ್ಳುತ್ತೇನೆ ಅಂದಿದ್ದೀಯ, ಒಳ್ಳೇದು. ಅದರಲ್ಲಿ 80 ಪರ್ಸೆಂಟ್ ಬಳಸಿದರೂ ತೊಂದರೆ ಇಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮಾತ್ರ ಅದನ್ನು ಚಾರ್ಜ್ ಮಾಡಬಾರದು.

ಬಿಸಿ ಮಾಡುವ ಯಾವ ಯಂತ್ರವನ್ನೂ ಬ್ಯಾಟರಿಗೆ ಹಚ್ಚಬೇಡ. ಒಂಬತ್ತು ವ್ಯಾಟಿನ ನಾಲ್ಕು ಬಲ್ಬು ಸಂಜೆಯಿಂದ ಐದು ಗಂಟೆ ಉರಿದರೆ 180 ವ್ಯಾಟ್-ಅವರ್. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಅರ್ಧ ಗಂಟೆಯಲ್ಲೇ 500 ನುಂಗುತ್ತದೆ. ನಾವು ಸುಕ್ಕು ಬಟ್ಟೆಯಲ್ಲೇ ಓಡಾಡುವುದಕ್ಕೆ ಇದೇ ಕಾರಣ, ಸೋಮಾರಿತನ ಅಲ್ಲ. ಪ್ಯಾನೆಲ್ ಮೇಲೆ ಒಂದು ಕೊಂಬೆಯ ನೆರಳೂ ಬೀಳಬಾರದು. ಕೋಶಗಳು ಸರಪಳಿಯ ಹಾಗೆ ಜೋಡಿಸಿಕೊಂಡಿರುವುದರಿಂದ ಒಂದು ಮೂಲೆ ನೆರಳಾದರೆ ಸಾಲಿಗೆ ಸಾಲೇ ಸೊರಗುತ್ತದೆ. ನಿನ್ನ ನಕ್ಷೆಯಲ್ಲಿ ಸೋಲಾರ್ ಪಕ್ಕದಲ್ಲೇ ಒಂದು ದೊಡ್ಡ ಮರ ಬರೆದಿದ್ದೀಯ. ಮರ ಕಡಿಯಬೇಡ ಮಾರಾಯ್ತಿ, ಸೋಲಾರ್ ಸರಿಸು.

ತರಕಾರಿ ಬಗ್ಗೆ ನನಗೆ ಚಿಂತೆ ಕಡಿಮೆ, ನಿನ್ನ ಕೈ ಒಳ್ಳೇದು. ಇಪ್ಪತ್ತು ಮಡಿ ಮಾತ್ರ ಬೇಡ. ಮೊದಲ ವರ್ಷ ಮೂರು ಸಾಕು. ಇಪ್ಪತ್ತಕ್ಕೆ ಹಾಕುವಷ್ಟು ಗೊಬ್ಬರ ನಿನ್ನ ಹತ್ತಿರ ಎಲ್ಲಿದೆ? ಗೊಬ್ಬರದ ಗುಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದು ಮೀಟರ್ ಇದ್ದರೆ ಮಾತ್ರ ಒಳಗೆ ಬಿಸಿ ನಿಲ್ಲುತ್ತದೆ. 55ರಿಂದ 65 ಡಿಗ್ರಿ ತಲುಪಿದರೆ ಕಳೆಯ ಬೀಜಗಳು ಹೆಚ್ಚುಕಡಿಮೆ ಸಾಯುತ್ತವೆ. ಹಸಿ ಕಸಕ್ಕಿಂತ ಒಣ ಎಲೆ, ಹುಲ್ಲು ಜಾಸ್ತಿ ಇರಲಿ. ನಾತ ಬಂತು ಅಂದರೆ ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ ಅಂತ ಅರ್ಥ. ಒಂದು ಮಡಿಗೆ ಹುರುಳಿಕಾಯಿ ಹಾಕು. ಹೂವು ಬಿಟ್ಟಾಗ ಒಂದು ಗಿಡ ಮೆಲ್ಲಗೆ ಕಿತ್ತು ಬೇರಿನ ಗಂಟು ಒಡೆದು ನೋಡು. ಒಳಗೆ ತಿಳಿಗೆಂಪು ಇದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿದೆ. ಬಿಳಿಯೋ ಹಸಿರೋ ಇದ್ದರೆ ಕೆಲಸ ನಡೆಯುತ್ತಿಲ್ಲ.

ಬೀಜ ಕಟ್ಟುವಾಗ ಹುರುಳಿಕಾಯಿ, ಟೊಮೆಟೊ ಸುಲಭ. ಅವು ಬಹುಪಾಲು ತಮ್ಮಲ್ಲೇ ಪರಾಗ ಮಾಡಿಕೊಳ್ಳುತ್ತವೆ. ಹೈಬ್ರಿಡ್ ಬೀಜದ ಗಿಡ ಆಗಿರಬಾರದು ಅಷ್ಟೇ, ಅದರ ಮಕ್ಕಳು ತಾಯಿಯ ಹಾಗಿರುವುದಿಲ್ಲ. (ನೀನೂ ಇಲ್ಲ, ಆದರೆ ಅದು ಬೇರೆ ವಿಷಯ.) ಕುಂಬಳದ ಜಾತಿಯವನ್ನು ನಂಬಬೇಡ. ಜೇನುನೊಣ ಎಲ್ಲಿಂದಲೋ ಪರಾಗ ತಂದು ಬೆರೆಸಿರುತ್ತದೆ. ಒಂದು ವರ್ಷ ನಾನು ಕಟ್ಟಿದ ಬೀಜದಿಂದ ಬಂದ ಕಾಯಿ ಕಹಿ ವಿಷ. ವಿಷ ಅಂದದ್ದು ಬರೀ ಮಾತಿಗಲ್ಲ. ಆ ಜಾತಿಯ ಕಾಯಿ ಕಹಿಯಿದ್ದರೆ ಉಗಿದುಬಿಡು, ಬೇಯಿಸಿದರೂ ಅದು ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ಬೀಜಕ್ಕೆ ಬೇಕಾದ ಹೂವನ್ನು ಹಿಂದಿನ ಸಂಜೆಯೇ ಕಟ್ಟಿಟ್ಟು, ಬೆಳಿಗ್ಗೆ ಕೈಯಿಂದ ಪರಾಗ ಮುಟ್ಟಿಸಿ, ಮತ್ತೆ ಕಟ್ಟು.

ಮೀನಿನ ಹೊಂಡದ ಬಗ್ಗೆ ನಾನೇನೂ ಹೇಳುವುದಿಲ್ಲ. ನಾವು ಮಾಡಿಲ್ಲ. ಗೂಟಗಳು ಎಲ್ಲಿ ಗುಂಪಾಗುತ್ತವೋ ಅಲ್ಲೇ ತೋಡಿದರೆ ಅರ್ಧ ಕೆಲಸ ಮಳೆಯೇ ಮಾಡಿಕೊಡಬಹುದು ಅಂತ ಅಪ್ಪ ಅನ್ನುತ್ತಿದ್ದಾರೆ.

ಮಳೆ ಹಿಡಿಯುವ ಮುಂಚೆ ನಾನು ಬರುತ್ತೇನೆ. ಮಟ್ಟ ನೋಡುವ 15 ಮೀಟರ್ ಪಾರದರ್ಶಕ ಪೈಪು ನನ್ನ ಹತ್ತಿರ ಇದೆ, ನೀನು ಕೊಳ್ಳಬೇಡ. ಅದಕ್ಕೆ ನೀರು ತುಂಬಿ, ಒಂದು ತುದಿ ನೀನು ಹಿಡಿ, ಇನ್ನೊಂದು ನಾನು ಹಿಡಿಯುತ್ತೇನೆ, ಅರ್ಧ ದಿನದಲ್ಲಿ ಜಾಗ ಪೂರ್ತಿ ಅಳೆದುಬಿಡಬಹುದು. ಕೆಂಪು ಬಕೆಟನ್ನೂ ತರುತ್ತೇನೆ. ಹಿಡಿ ಕಿತ್ತುಹೋಗಿದೆ, ಈಗ ಬೀಜದ ಪೊಟ್ಟಣಗಳು ಅದರಲ್ಲೇ ಇರುವುದು. ಗೂಟ ಮಾತ್ರ ನೀನೇ ಕಡಿದಿಡು. ಐವತ್ತು ಸಾಕು. ಒಂದು ತುದಿಗೆ ಬಣ್ಣ ಹಚ್ಚಿರು, ಇಲ್ಲದಿದ್ದರೆ ಹುಲ್ಲಿನಲ್ಲಿ ಕಾಣುವುದಿಲ್ಲ.

ನಿನ್ನ
ಅಮ್ಮ