ಆಸ್ತಿ ಏಜೆಂಟರ ಆರಂಭಶೂರತ್ವ

ಮಾನ್ಯ ಸಂಪಾದಕರೇ,

ವರ್ಗೀಕೃತ ಜಾಹೀರಾತಿನ ಪುಟವನ್ನು ಕೆಲವು ತಿಂಗಳು ಗಮನಿಸಿ ನೋಡಿ. ಒಬ್ಬ ಏಜೆಂಟರ ನಂಬರು ನಾಲ್ಕು ವಾರ ಬಿಡದೆ ಬರುತ್ತದೆ, ಆಮೇಲೆ ಮಾಯ. ಮೂರು ತಿಂಗಳ ನಂತರ ಮತ್ತೆ ಹಾಜರು. ಆ ನಡುವೆ ಅವರೇನೂ ಕೈಕಟ್ಟಿ ಕೂತಿರುವುದಿಲ್ಲ. ಒಂದೆರಡು ವ್ಯವಹಾರ ಕುದುರಿ ಕಾಗದಪತ್ರ, ಸಾಲ, ನೋಂದಣಿ ಎಂದು ಓಡಾಡುತ್ತಿರುತ್ತಾರೆ. ಇಂದು ವಿಚಾರಿಸಿದವರು ಕೊಳ್ಳುವ ಹೊತ್ತಿಗೆ ಎಷ್ಟೋ ವಾರ, ಕೆಲವೊಮ್ಮೆ ತಿಂಗಳುಗಳೇ ಕಳೆಯುವುದರಿಂದ ಪ್ರಚಾರ ನಿಲ್ಲಿಸಿದ ಪೆಟ್ಟು ತಕ್ಷಣ ತಿಳಿಯುವುದಿಲ್ಲ. ಕೈಲಿದ್ದ ವ್ಯವಹಾರ ಮುಗಿದ ಮೇಲೆ ಫೋನು ತಣ್ಣಗಾಗುತ್ತದೆ. ಆಗ ಶುರುವಾಗುತ್ತದೆ, ಬಾಯಾರಿದಾಗ ಬಾವಿ ತೋಡುವ ಕೆಲಸ.

ಬಿಡುವಿನ ದಿನ ಕೂತು ಪ್ರಚಾರದ ಯೋಜನೆ ಹಾಕುವುದೇ ಇದರ ಮೂಲ. ದಿನಕ್ಕೆ ಮೂರು ಪೋಸ್ಟ್, ಒಂದು ವಿಡಿಯೊ ಎಂದು ಶುರುಮಾಡಿದವರು ಹತ್ತನೇ ದಿನಕ್ಕೆ ಸುಸ್ತಾಗುತ್ತಾರೆ. ಅತಿ ಹೆಚ್ಚು ಓಡಾಟವಿರುವ ದಿನವೂ ಎಷ್ಟು ಸಾಧ್ಯವೋ ಅಷ್ಟನ್ನೇ ಅಳತೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಮೊದಲ ಮನೆ ತೋರಿಸಲು ಹೊರಡುವ ಮುಂಚೆ ಒಂದು ಗಂಟೆ, ಐದು ಕರೆ ಸಾಕು. ವಾರಕ್ಕೆ ಆರು ದಿನವಾದರೆ 30, ನಾಲ್ಕು ವಾರಕ್ಕೆ 120. ಅಂದರೆ 360 ಜನರ ಪಟ್ಟಿಯಲ್ಲಿ ಪ್ರತಿಯೊಬ್ಬರನ್ನೂ ಹನ್ನೆರಡು ವಾರಕ್ಕೊಮ್ಮೆ ಮಾತನಾಡಿಸಿದಂತಾಯಿತು. ಪಟ್ಟಿ ಅದಕ್ಕಿಂತ ದೊಡ್ಡದಿದ್ದರೆ ಹಳೆಯ ಗಿರಾಕಿಗಳನ್ನು ಮೊದಲಿಡಿ. ಅವರೇ ಇನ್ನೊಬ್ಬರನ್ನು ಕಳಿಸುವವರು.

ಕರೆ ಮಾಡಿದರಾಯಿತೇ, ಬರೆದಿಡಬೇಕು. ಒಂದು ನೋಟ್‌ಬುಕ್ಕೋ ಎಕ್ಸೆಲ್ ಹಾಳೆಯೋ, ಯಾವುದಾದರೂ ಸರಿ: ಹೆಸರು, ಏನು ಬೇಕು, ಬಜೆಟ್, ನಂಬರು ಎಲ್ಲಿ ಸಿಕ್ಕಿತು, ಮುಂದಿನ ಕರೆಯ ದಿನಾಂಕ. ಬಹಳ ಜನ ಖಾಲಿ ಬಿಡುವುದು ಕೊನೆಯ ಕಲಂ. ವಿಚಾರಣೆಗಳು ಕಳೆದುಹೋಗುವುದೂ ಅಲ್ಲೇ. ಎರಡು ಸಲ ಫೋನ್ ಎತ್ತಲಿಲ್ಲವೆಂದು ಹೆಸರು ಹೊಡೆದುಹಾಕಬಾರದು, ಐದಾರು ಪ್ರಯತ್ನವಾದರೂ ಬೇಕು. ‘ಬೇಡ’ ಎಂದವರನ್ನು ಮಾತ್ರ ಅಂದೇ ಬಿಟ್ಟುಬಿಡಿ.

ಒಂದೇ ಸಂದೇಶವನ್ನು ಒಟ್ಟಿಗೆ ಹಲವರಿಗೆ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗಷ್ಟೇ ಆ ಸಂದೇಶ ತಲುಪುತ್ತದೆ. ಉಳಿದವರಿಗೆ ಹೋಗುವುದೇ ಇಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ‘ನಂಬರು ಸೇವ್ ಮಾಡಿಕೊಳ್ಳಿ’ ಎಂದು ಕೇಳುವುದು ರೂಢಿಯಾಗಬೇಕು. ವಾರಕ್ಕೊಂದು ಸಂದೇಶ, ಒಂದೇ ಆಸ್ತಿ. ದಿನಾ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ಬ್ಲಾಕ್‌ಗಳು ಹೆಚ್ಚಾದರೆ ಖಾತೆಗೇ ಕುತ್ತು.

ಫೇಸ್‌ಬುಕ್‌ನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕುವವರಿಗೆ ಅವಸರವೇ ಶತ್ರು. ಯಾರಿಗೆ ತೋರಿಸಬೇಕೆಂದು ಆ ವ್ಯವಸ್ಥೆ ಕಲಿಯಲು ವಾರದಲ್ಲಿ ನೀವು ಬಯಸಿದ ಬಗೆಯ (ಕರೆ, ಸಂದೇಶದಂಥ) ಸುಮಾರು 50 ಪ್ರತಿಕ್ರಿಯೆ ಬೇಕಾಗುತ್ತದೆ. ಮೂರನೇ ದಿನಕ್ಕೇ ಚಿತ್ರ ಬದಲಿಸಿ, ಬಜೆಟ್ ವಿಪರೀತ ಏರಿಳಿಸಿದರೆ ಕಲಿಕೆ ಮತ್ತೆ ಮೊದಲಿನಿಂದ. ನೀವು ಸುರಿದ ದುಡ್ಡೆಲ್ಲ ಅದರ ಪಾಠಕ್ಕೇ ಹೋಯಿತು.

ಫೋಟೊ ವಿಷಯದಲ್ಲಿ ಹಗಲು ಬೆಳಕು, ಫೋನ್ ಅಡ್ಡ ಹಿಡಿಯುವುದು, ಎದೆಯ ಎತ್ತರ, ಕೋಣೆಯ ಮೂಲೆಯಿಂದ ತೆಗೆಯುವುದು, ಇಷ್ಟಾದರೆ ಸಾಕು. ಬೋರ್ಡಿಗೆ ಒಂದು ಲೆಕ್ಕ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. 30 ಅಡಿ ಆಚೆಯಿಂದ ಆರಾಮವಾಗಿ ಓದಬೇಕಾದ ನಂಬರು ಮೂರು ಇಂಚಿರಲಿ. ಹೆಸರು, ಲೋಗೊ ಚಿಕ್ಕದಾದರೂ ನಷ್ಟವಿಲ್ಲ. ಆದರೆ ಮುಖವನ್ನೇ ದೊಡ್ಡದಾಗಿ ಹಾಕಿಸುವವರೇ ಜಾಸ್ತಿ! ಒಮ್ಮೆ ಕೊಟ್ಟ ನಂಬರನ್ನು ಬದಲಿಸಿದರೆ ಹಳೆಯ ಬೋರ್ಡು, ಕಾರ್ಡು, ಗೂಗಲ್ ಪುಟ ಎಲ್ಲವೂ ದಂಡ.

ಶನಿವಾರ ಸಂಜೆ ಇಪ್ಪತ್ತು ನಿಮಿಷ ಲೆಕ್ಕಕ್ಕೆ ಮೀಸಲಿಡಿ. ಎಷ್ಟು ಕರೆ ಮಾಡಿದೆವು, ಯಾವ ದಾರಿಯಿಂದ ಎಷ್ಟು ವಿಚಾರಣೆ ಬಂತು, ಎಷ್ಟು ಮಂದಿ ಆಸ್ತಿ ನೋಡಿದರು. ಮಾರಾಟದ ಸಂಖ್ಯೆ ಇಲ್ಲಿ ಬೇಡ, ಅದು ತಿಂಗಳುಗಳ ಹಿಂದಿನ ಕೆಲಸದ ಫಲ. ಅದೇ ಹೊತ್ತಿನಲ್ಲಿ ಮಾರಾಟವಾದ ಆಸ್ತಿಗಳ ಜಾಹೀರಾತನ್ನು ಎಲ್ಲ ಕಡೆಯಿಂದ ತೆಗೆಯಬೇಕು. ‘ಅದು ಹೋಯ್ತು ಸರ್, ಬೇರೆ ಇದೆ’ ಎನ್ನುವ ಉತ್ತರ ಕೇಳಿದ ಗಿರಾಕಿ ಎರಡನೇ ಸಲ ಫೋನ್ ಮಾಡುವುದು ಕಷ್ಟ.

ಪತ್ರಿಕೆಯ ಜಾಹೀರಾತು ವಿಭಾಗಕ್ಕೂ ಒಂದು ಕೋರಿಕೆ. ಸತತ ಏಳು ದಿನ ಬಂದು ನಿಂತುಹೋಗುವುದಕ್ಕಿಂತ, ವಾರಕ್ಕೊಮ್ಮೆ ಒಂದೇ ದಿನ, ಒಂದೇ ಜಾಗದಲ್ಲಿ ಹನ್ನೆರಡು ವಾರ ಬರುವಂಥ ಪ್ಯಾಕೇಜ್ ಕೊಟ್ಟರೆ, ವಾರದ ನಡುವೆ ಮಾರಾಟವಾದ ಆಸ್ತಿಯ ಸಾಲನ್ನು ಬದಲಿಸಲೂ ನಮಗೆ ಅವಕಾಶ ಸಿಗುತ್ತದೆ.

ಇಂತಿ,
ಆಸ್ತಿ ಮಾರಾಟ ವೃತ್ತಿಯಲ್ಲಿರುವ ಕೆಲವು ಓದುಗರು