ಗೆಳೆಯನಿಗೊಂದು ಪತ್ರ: ಇದಕ್ಕೊಂದು ಹೆಸರಿಡು ಮಾರಾಯ

ಗೆಳೆಯಾ,

ನೀನು ಬಣ್ಣ ಬಳಿದು ಕಳಿಸಿದ ಕಾಗದದ ಚೂರು ಬಂತು. ನೋಡಿ ನಕ್ಕೆ. ನಾನು ಬರೆದ ಹೆಸರು "ಕಷಾಯ". ನೀನು ಬಳಿದದ್ದು ಕಾಳುಮೆಣಸು ಕುದಿಸಿದ ಕಪ್ಪು ನೀರು! ನಮ್ಮ ಮಲೆನಾಡಿನ ಮನೆಯಲ್ಲಿ ಕಷಾಯಕ್ಕೆ ಬೆಲ್ಲ, ಹಾಲು ಬೀಳುತ್ತದೆ. ಆದರೂ ತಪ್ಪು ನನ್ನದೇ ಬಿಡು. ಬರೀ ಹೆಸರು ಓದಿದವನಿಗೆ ಅದೇ ಬಣ್ಣ ಕಲಸಲು ಬರಬೇಕು, ನಮ್ಮ ಆಟವೇ ಅದು ಅಲ್ವಾ?

ಇನ್ನು ಮುಂದೆ ಟ್ಯೂಬಿನ ಮೇಲಿರುವ ಹೆಸರು ಬೇಡ. "ತಿಳಿ", "ಕಡು", "ನಸು" ಕೂಡ ಬೇಡ. ಅವು ಬಣ್ಣ ಎಷ್ಟು ಅನ್ನುತ್ತವೆ, ಯಾವುದು ಅನ್ನುವುದಿಲ್ಲ.

ಮೊನ್ನೆ ಹಿತ್ತಲ ಮಾವು ಚಿಗುರಿತು. "ಚಿಗುರು ಹಸಿರು" ಅಂತ ಬರೆಯಲು ಹೋಗಿ ಸುಮ್ನೆ ಕೂತೆ. ಅದರಲ್ಲಿ ಹಸಿರು ಎಲ್ಲಿದೆ? ಒಂದು ಕೊಂಬೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬು, ಪಕ್ಕದ್ದರಲ್ಲಿ ತಿಕ್ಕಿ ವಾರವಾದ ಚೊಂಬು. ಎರಡೂ ಹೆಸರು ಹಾಗೇ ಬರೆದುಕೊಂಡೆ. ಕಲಸಲು ಮಾತ್ರ ಅರ್ಧ ದಿನ ಹಿಡಿಯಿತು.

ನಿಮ್ಮಜ್ಜಿ ಇದರಲ್ಲಿ ನಮಗಿಂತ ಎಷ್ಟೋ ಮುಂದೆ. ಇಳಕಲ್ ಸೀರೆಗಳ ಗಂಟು ಬಿಚ್ಚಿ ಇದು ದಾಳಿಂಬೆ, ಇದು ಗಿರಿಕುಂಕುಮ ಅಂತ ಬೇರೆ ಬೇರೆ ಇಟ್ಟಿದ್ದು ನೆನಪಿದೆಯಾ? ನನಗೆ ಎರಡೂ ಬರೀ ಕೆಂಪು. ಹೆಸರು ಕೇಳಿ ಮತ್ತೆ ನೋಡಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲ.

ಎಡಿನ್‌ಬರೋದಲ್ಲಿ ಪ್ಯಾಟ್ರಿಕ್ ಸೈಮ್ ಅಂತ ಒಬ್ಬ ಹೂವಿನ ಚಿತ್ರಕಾರನಿದ್ದ. ಜರ್ಮನಿಯ ಭೂವಿಜ್ಞಾನಿ ವರ್ನರ್ ಮಾಡಿದ್ದ ಬಣ್ಣಗಳ ಪಟ್ಟಿಯನ್ನು ಬೆಳೆಸಿ 1814ರಲ್ಲಿ ಪುಸ್ತಕ ತಂದ. 1821ರ ಮುದ್ರಣದಲ್ಲಿ 110 ಬಣ್ಣಗಳಿವೆ. ಬಣ್ಣದ ಪಕ್ಕದಲ್ಲಿ ಅದು ಯಾವ ಪ್ರಾಣಿಯಲ್ಲಿ, ಯಾವ ಗಿಡದಲ್ಲಿ, ಯಾವ ಖನಿಜದಲ್ಲಿ ಸಿಗುತ್ತದೆ ಅಂತ ಬರೆದಿದ್ದಾನೆ. ಪ್ರಶಿಯನ್ ನೀಲಿ ಬೇಕಾ? ಗಂಡು ಬಾತುಕೋಳಿಯ ರೆಕ್ಕೆಯ ಮಚ್ಚೆ ನೋಡು ಅನ್ನುತ್ತಾನೆ. ಡಾರ್ವಿನ್ ಬೀಗಲ್ ಹಡಗು ಹತ್ತುವಾಗ ಈ ಪುಸ್ತಕ ಇಟ್ಟುಕೊಂಡಿದ್ದ. ಬಣ್ಣದ ಫೋಟೋ ಇಲ್ಲದ ಕಾಲ, ಬೇರೆ ದಾರಿ ಏನಿತ್ತು?

ನಾವೂ ಹಾಗೆ ಮೂರು ಸಾಕ್ಷಿ ಹುಡುಕೋಣ. ನನ್ನ ಮೊದಲನೆಯದು ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ನೀರು. ಹಕ್ಕಿಯಲ್ಲಿ ಬೇಕೆಂದರೆ ಕೆಂಬೂತದ ರೆಕ್ಕೆ. ಕಲ್ಲಿನಲ್ಲಿ, ಮಳೆಗೆ ನೆನೆದ ಜಂಬಿಟ್ಟಿಗೆ. ಕೆಂಬೂತದ ಬಗ್ಗೆ ನನಗೇ ಸ್ವಲ್ಪ ಅನುಮಾನ ಇದೆ, ಅದು ಬಿಸಿಲಿಗೆ ಬಂದರೆ ಲೆಕ್ಕವೇ ತಪ್ಪುತ್ತದೆ.

ಈ ಸಲ ನಿನಗೆ ಕೊಡುವ ಹೆಸರು "ಎರಡನೇ ವರ್ಷದ ಅಪ್ಪೆಮಿಡಿ". ಉಪ್ಪಿನಕಾಯಿ ಭರಣಿ ಕಳಿಸು ಅಂತ ಕೇಳಬೇಡ, ಅದು ಮೋಸ. ಬಳಿದ ಮೇಲೆ ಪೂರ್ತಿ ಒಣಗಲಿ, ಜಲವರ್ಣ ಒಣಗಿದಾಗ ಪೇಲವ ಆಗುತ್ತದೆ. ಆಮೇಲೆ ಹೋಲಿಸಿ ಜಗಳ ಆಡೋಣ.

ನಿನ್ನ
ಕಷಾಯದ ಗೆಳೆಯ