ಗುಂಡಿ ತೋಡುವ ಮುಂಚೆ ಕೆಳಗೆ ಏನಿದೆ ಅಂತ ನೋಡಬಾರದೇ?

ಮಾನ್ಯ ಸಂಪಾದಕರೇ,

ಕುವೆಂಪುನಗರದಲ್ಲಿ ಗಿಡ ನೆಡಲು ಯಂತ್ರದಿಂದ ಗುಂಡಿ ತೋಡುವಾಗ ಕುಡಿಯುವ ನೀರಿನ ಪೈಪ್ ಒಡೆದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸ್ವಲ್ಪ ಹೊತ್ತು ನೀರು ಪೋಲಾಯಿತು ಎಂದು ಬರೆದಿದ್ದೀರಿ. ನಾನು ಅದೇ ರಸ್ತೆಯವನು. ಸ್ವಲ್ಪ ಹೊತ್ತಲ್ಲ ಸ್ವಾಮಿ. ಬೆಳಿಗ್ಗೆ ಚಿಮ್ಮಿದ ನೀರು ಕತ್ತಲಾದರೂ ಹರಿಯುತ್ತಲೇ ಇತ್ತು. ಈಗಲೂ ಮನೆ ಮುಂದೆ ಕೆಸರು.

ಅಂದು ನಮ್ಮ ಮನೆಯಲ್ಲಿ ಸೊಸೆಯ ಸೀಮಂತ. ಮನೆ ತುಂಬ ನೆಂಟರು, ಅಡುಗೆಯವರು ಆಗಲೇ ಪಾತ್ರೆ ಹರಡಿಕೊಂಡು ಕೂತಿದ್ದರು. ನಲ್ಲಿಯಲ್ಲಿ ಬಂದದ್ದು ಕೆಂಪು ಮಣ್ಣಿನ ರಾಡಿ. ಅದು ಸಂಪಿಗೂ ಇಳಿದು, ಇದ್ದ ನೀರೂ ಕೆಟ್ಟಿತು. ಟ್ಯಾಂಕರ್‌ನವರಿಗೆ ಫೋನ್ ಮಾಡಿದರೆ ನಮ್ಮ ಗತಿ ಅವರಿಗೆ ಆಗಲೇ ಗೊತ್ತಾಗಿತ್ತು. ಕೇಳಿದಷ್ಟು ಕೊಟ್ಟೆವು. ಮಂಡಿ ನೋವಿರುವ ನಮ್ಮತ್ತಿಗೆ ಪಕ್ಕದ ರಸ್ತೆಯಿಂದ ಕೊಡ ಹೊತ್ತು ತಂದರು. ಸಂಪು ತೊಳೆಸಿದ ಖರ್ಚು ಬೇರೆ. ಇದನ್ನೆಲ್ಲ ಯಾರು ಕೊಡುತ್ತಾರೆ?

ಆ ಯಂತ್ರದ ವಿಷಯ ಹೇಳಲೇಬೇಕು. ಆಗರ್ ಅನ್ನುತ್ತಾರೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಸಣ್ಣ ಎಂಜಿನ್, ಅದರ ಕೆಳಗೆ ಉದ್ದನೆಯ ಸ್ಕ್ರೂ. ಎಳೆದು ಸ್ಟಾರ್ಟ್ ಮಾಡಿ ನೆಲಕ್ಕೆ ಒತ್ತಿದರೆ ಮಣ್ಣನ್ನು ಸುತ್ತಿ ಮೇಲಕ್ಕೆ ಹಾಕುತ್ತದೆ. ನಂಜನಗೂಡಿನ ಕಡೆ ನಮ್ಮ ನೆಂಟರು ತೋಟದ ಬೇಲಿ ಕಂಬಕ್ಕೆ ಇದನ್ನೇ ಬಾಡಿಗೆಗೆ ತರುತ್ತಾರೆ. ಆಳು ಸಿಗದ ಕಾಲದಲ್ಲಿ ರೈತರಿಗೆ ತುಂಬ ಅನುಕೂಲ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತೋಟದ ನೆಲದಲ್ಲಿ ಇರುವುದು ಹೆಚ್ಚೆಂದರೆ ಕಲ್ಲು, ಬೇರು. ನಮ್ಮ ರಸ್ತೆಯ ಬದಿಯಲ್ಲಿ ನೀರಿನ ಪೈಪ್ ಇದೆ, ಒಳಚರಂಡಿ ಇದೆ, ಕರೆಂಟಿನ ಕೇಬಲ್ ಇದೆ. ಹಾರೆ ಹಿಡಿದವನಿಗೆ ಏನಾದರೂ ತಗುಲಿದರೆ ಕೈಗೇ ಗೊತ್ತಾಗುತ್ತದೆ, ನಿಲ್ಲಿಸುತ್ತಾನೆ. ಈ ಯಂತ್ರದ ಅಬ್ಬರದಲ್ಲಿ ಪ್ಲಾಸ್ಟಿಕ್ ಪೈಪ್ ಸಿಕ್ಕಿದ್ದು ಯಾರಿಗೆ ತಿಳಿಯಬೇಕು? ಕಲ್ಲಿಗೆ ಸಿಕ್ಕಿಕೊಂಡರೆ ಯಂತ್ರವೇ ತಿರುಗಿ ಹಿಡಿದವನ ಕೈ ಮುರಿಯಬಹುದು. ನಮ್ಮ ರಸ್ತೆಯಲ್ಲಿ ಅದನ್ನು ಹಿಡಿದಿದ್ದ ಹುಡುಗರ ಕೈಗೆ ಗ್ಲೌಸ್ ಇರಲಿಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಕೇಬಲ್ಲಿಗೇ ತಗುಲಿದ್ದರೆ?

ಕೆನಡಾದಲ್ಲಿರುವ ನಮ್ಮ ಅಳಿಯ ಹೇಳುತ್ತಿರುತ್ತಾರೆ. ಅಲ್ಲಿ ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಇಂಥದೇ ಪೆಟ್ರೋಲ್ ಯಂತ್ರದಿಂದ ಮಂಜುಗಡ್ಡೆ ಕೊರೆದು ಮೀನು ಹಿಡಿಯುತ್ತಾರಂತೆ. ಗಡ್ಡೆ 4 ಇಂಚಾದರೂ ದಪ್ಪ ಇದೆಯಾ ಅಂತ ನೋಡದೆ ಅದರ ಮೇಲೆ ನಡೆಯಬಾರದು ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ಮೀನು ಹಿಡಿಯುವವರಿಗೆ ಇರುವ ಎಚ್ಚರ ಊರಿನ ಬೀದಿ ಕೊರೆಯುವವರಿಗೆ ಬೇಡವೇ?

ನಮ್ಮಲ್ಲೂ ದಾರಿ ಇಲ್ಲದೆ ಇಲ್ಲ. ಅಗೆಯುವ ಮೊದಲು ತಿಳಿಸಿ, ಕೆಳಗೆ ಯಾರ ಪೈಪು, ಯಾರ ಕೇಬಲ್ಲು ಅಂತ ಕೇಳಲಿ ಅಂತಲೇ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಟ್ಟಿತು. ಕೆಲಸ ಮಾಡಿಸುತ್ತಿದ್ದವರನ್ನು ನಾನೇ ಕೇಳಿದೆ. ಹಾಗಂದರೇನು ಅಂತ ನನ್ನನ್ನೇ ಕೇಳಿದರು. ನೀರಿನ ಕಚೇರಿಗೆ ಫೋನ್ ಮಾಡಿದರೆ ಗಿಡ ನೆಡಿಸಿದವರನ್ನು ಕೇಳಿ ಅಂದರು. ಗಿಡ ನೆಡಿಸಿದವರು ಗುತ್ತಿಗೆದಾರರನ್ನು ಕೇಳಿ ಅಂದರು. ಗುತ್ತಿಗೆದಾರರ ಫೋನ್ ಸ್ವಿಚ್ ಆಫ್.

ಅಷ್ಟು ಮಾಡಿ ತೋಡಿದ ಗುಂಡಿಯಾದರೂ ಸರಿ ಇದೆಯಾ? 8 ಇಂಚು ಅಗಲದ ತೂತು. ರಸ್ತೆ ಬದಿಯ ಗಟ್ಟಿ ನೆಲದಲ್ಲಿ ಹೊಂಗೆಯೋ ಬೇವೋ ಬೇರು ಬಿಡಬೇಕಾದರೆ ಒಂದೂವರೆ ಅಡಿಯಾದರೂ ಅಗಲ ಬೇಡವೇ? ಗೊಬ್ಬರ ಎಲ್ಲಿ ಹಾಕುತ್ತಾರೆ? ಹಸಿ ಮಣ್ಣಿನಲ್ಲಿ ಈ ಸ್ಕ್ರೂ ತಿರುಗಿದರೆ ಗುಂಡಿಯ ಗೋಡೆ ಸವರಿದ ಹಾಗೆ ನುಣುಪಾಗುತ್ತದೆ, ಬೇರು ಒಳಗೆ ಹೋಗಲಾರದೆ ಅಲ್ಲೇ ಸುತ್ತುತ್ತದೆ. ಹೋದ ವರ್ಷ ನೆಟ್ಟ ಗಿಡಗಳು ಹೆಚ್ಚುಕಡಿಮೆ ಎಲ್ಲ ಒಣಗಿವೆ. ಕಬ್ಬಿಣದ ಬೇಲಿ ಮಾತ್ರ ನಿಂತಿದೆ. ನೀರು ಹಾಕಲು ಯಾರೂ ಬರಲಿಲ್ಲ, ನಾವೇ ಬಕೆಟ್ ಹಿಡಿದು ಹಾಕಿದ ಎರಡು ಉಳಿದವು.

ಡಾಂಬರು ಹಾಕಿದ ರಸ್ತೆಯನ್ನು ಪೈಪಿಗೆ ಅಂತ ಅಗೆದವರು ಇನ್ನೂ ಮುಚ್ಚಿಲ್ಲ. ಫುಟ್‌ಪಾತಿನ ಟೈಲ್ಸ್ ಕಿತ್ತು ಮೂಲೆಯಲ್ಲಿ ರಾಶಿ ಹಾಕಿದ್ದಾರೆ. ಪಾರ್ಕಿನ ಮೂಲೆಯ ಮ್ಯಾನ್‌ಹೋಲ್ ಮಳೆ ಬಂದರೆ ಉಕ್ಕುತ್ತದೆ. ಬೀದಿ ದೀಪದ ಬಗ್ಗೆ ಅರ್ಜಿ ಕೊಟ್ಟು ಸಾಕಾಗಿದೆ. ವೋಟು ಕೇಳಲು ಮಾತ್ರ ಮನೆ ಮನೆಗೆ ಬರುತ್ತಾರೆ.

ದಯವಿಟ್ಟು ಸಂಬಂಧಪಟ್ಟವರು ಈ ಯಂತ್ರವನ್ನು ಬಡಾವಣೆಯೊಳಗೆ ಬಿಡಬೇಡಿ. ಬಿಡುವುದೇ ಆದರೆ ಪೈಪ್ ಎಲ್ಲಿದೆ ಅಂತ ಸುಣ್ಣದಲ್ಲಿ ಗುರುತು ಹಾಕಿ, ನಿಮ್ಮ ಇಂಜಿನಿಯರ್ ಒಬ್ಬರು ಪಕ್ಕದಲ್ಲಿ ನಿಲ್ಲಲಿ. ಒಡೆದವರಿಂದಲೇ ನಷ್ಟ ವಸೂಲಿ ಮಾಡಿ. ಏನಾದರೂ ಒಂದು ಮಾಡಿ. ಜನರ ತೆರಿಗೆಯಲ್ಲಿ ಸಂಬಳ ತೆಗೆದುಕೊಂಡು ಫೋನೂ ಎತ್ತುವುದಿಲ್ಲ ಅಂದರೆ ನಾಚಿಕೆಯಾಗಬೇಕು ನಿಮಗೆ.

— ನೊಂದ ನಿವಾಸಿ, ಕುವೆಂಪುನಗರ, ಮೈಸೂರು